ಹನ್ನೊಂದನೇ ನಿಮಿಷ

ಆ ಕೆಮ್ಮು ನನ್ನದು.
ಇಷ್ಟು ವರ್ಷ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಎಪ್ಪತ್ತನಾಲ್ಕರ ಫೆಬ್ರವರಿ, ಮೊದೆನಾದ ಒಳಾಂಗಣ ಕ್ರೀಡಾಂಗಣ.
ಹೊರಗೆ ಪೋ ನದಿ ಬಯಲಿನ ಮಂಜು, ಕೈ ಚಾಚಿದರೆ
ಬೆರಳು ಕಾಣದಂಥದು.
ಸಾಸ್ಸುವೊಲೊದ ಟೈಲ್ಸ್ ಕಾರ್ಖಾನೆಯಿಂದ, ಪಾಳಿ ಮುಗಿಸಿ,
ಹಾಗೇ ಬಸ್ಸು ಹತ್ತಿದ್ದೆವು, ನಾನೂ ಲೊರೆದಾನಾ.
ಕೂದಲಲ್ಲಿ ಇನ್ನೂ ಬಿಳಿ ಪುಡಿ.
ಉಗುರಿನ ಸಂದಿಯಲ್ಲಿ ಯಾರದೋ ಬಚ್ಚಲುಮನೆಯ ನೀಲಿ.

‘ಕಿವುಡನ ತೋಟ’ ಅಂತ ಬ್ಯಾಂಡಿನ ಹೆಸರು.
ಐದು ಜನ, ಎರಡು ಆರ್ಗನ್ನು, ಒಂದು ಕೊಳಲು,
ಹದಿಮೂರು ಮಾತ್ರೆಯ ತಾಳ. ಕಾಲು ಕುಟ್ಟಲು ಹೋದವರೆಲ್ಲ
ಕೂತಲ್ಲೇ ಎಡವುತ್ತಿದ್ದರು.
‘ಎಣಿಸಬೇಡವೇ, ಕತ್ತೆ,
ಯಂತ್ರದ ಮುಂದೆ ದಿನವಿಡೀ ಎಣಿಸೋದು ಸಾಲದಾ?’

ಎರಡು ಸಾಲು ಮುಂದೆ ಒಬ್ಬ,
ತೋಳಿಗೆ ಪ್ಲಾಸ್ಟರು, ಕೊರಳಿಂದ ಇಳಿಬಿಟ್ಟ ಜೋಳಿಗೆ.
ಚಪ್ಪಾಳೆಯನ್ನೂ ಹೊಡೆಯಲಿಲ್ಲ. ಪಾಪ, ಅಂದುಕೊಂಡೆ.
ಎರ್ಮೆಸ್ ಅಂತೆ ಹೆಸರು, ಆಮೇಲೆ ತಿಳಿದದ್ದು.
ಜೋಳಿಗೆಯಲ್ಲಿದ್ದದ್ದು ರೆಕಾರ್ಡರು,
ಕಾಲರಿನ ಮಡಿಕೆಯಲ್ಲಿ ಕಡಲೆಕಾಳಿನಷ್ಟು ಮೈಕು.
ನಾನು ಕಂಡದ್ದು ಅವನ ಕಿವಿಯ ಹಿಂದಿನ ಮಚ್ಚೆ, ಅಷ್ಟೆ.

ಇಪ್ಪತ್ತಮೂರು ನಿಮಿಷದ ಆ ಉದ್ದನೆಯದು.
ಡ್ರಮ್ಮು ಆರ್ಗನ್ನು ಗಿಟಾರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ
ತುದಿಯಲ್ಲಿ ತಟಕ್ಕನೆ ನಿಂತು
ಕೊಳಲೊಂದೇ ಉಳಿದು
ನಾಲ್ಕು ಸಾವಿರ ಜನ ಉಸಿರು ಬಿಗಿಹಿಡಿದ ಹೊತ್ತಿಗೆ
ನನಗೆ ಬಂತು.
ಕರವಸ್ತ್ರ ಕಚ್ಚಿದೆ. ತೊಡೆ ಚಿವುಟಿಕೊಂಡೆ.
ಮೋಟು ಎರಡು, ಉದ್ದ ಒಂದು.

ಆ ಟೇಪು ನನಗಿಂತ ಹೆಚ್ಚು ಊರು ನೋಡಿತು.
ನಕಲು, ನಕಲಿನ ನಕಲು, ಅಂಚೆಯ ಲಕೋಟೆಯಲ್ಲಿ
ಒಸಾಕಾ, ಗ್ದಾನ್ಸ್ಕ್, ಮೊಂಟೆವಿಡಿಯೊ.
ಕೈಯಿಂದ ಕೈಗೆ ಕೊಳಲು ಸವೆಯಿತು,
ಆರ್ಗನ್ನಿಗೆ ನೆಗಡಿ ಹಿಡಿಯಿತು,
ಕೆಮ್ಮು ಮಾತ್ರ ಗಟ್ಟಿ ಪಿಂಡ.
ಟೇಪು ಮೊದೆನಾದ್ದೋ ಬೇರೆ ಊರಿನದೋ ಅಂತ
ಹನ್ನೊಂದನೇ ನಿಮಿಷಕ್ಕೆ ಕಿವಿಯಿಟ್ಟು ತೀರ್ಮಾನಿಸುತ್ತಿದ್ದರಂತೆ,
ಕಲ್ಲಂಗಡಿ ಬಡಿದು ನೋಡುವ ಹಾಗೆ.

ತಂಗಿಯ ಮಗ ದೆನಿಸ್ ಒಂದು ಭಾನುವಾರ ಹಾಕಿದ.
ತೊರ್ತೆಲ್ಲಿನಿ ಮಡಿಸುತ್ತಾ ಕೂತಿದ್ದೆ.
ಕೆಮ್ಮು. ಬೆನ್ನಿಗೇ ಕಾಗದ ಬಿಚ್ಚುವ ಚರಪರ.
‘ಮಿಠಾಯಿ ತಗೋ, ಕತ್ತೆ.’
ಹಿಟ್ಟಿನ ಕೈ ನಿಂತಿತು.
‘ಯಾರೋ ದರಿದ್ರದೋಳು,’ ಅಂದ ದೆನಿಸ್,
‘ಬಂಗಾರದಂಥ ಜಾಗ ಹಾಳು ಮಾಡಿದಾಳೆ.’
ಹೌದಪ್ಪ, ಅಂದೆ. ಇನ್ನೊಂದು ಮಡಿಸಿದೆ.

ಲೊರೆದಾನಾ ಈಗ ತ್ರಿಯೆಸ್ತೆಯಲ್ಲಿ, ದುಂಡಗಿದ್ದಾಳೆ.
ಫೋನಿನಲ್ಲಿ ಕೇಳಿದರೆ, ಯಾವ ಬ್ಯಾಂಡು? ಅಂದಳು.

ಮೊನ್ನೆ ಅದನ್ನು ಯಾರೋ ಶುದ್ಧ ಮಾಡಿದ್ದಾರೆ.
ಕಂಪ್ಯೂಟರಿನ ಮುಂದೆ ತಿಂಗಳುಗಟ್ಟಲೆ ಕೂತು
ಮೀನಿನ ಮುಳ್ಳು ಆಯುವಂತೆ ಆಯ್ದು.
ಕೆಮ್ಮಿಲ್ಲ. ಕಾಗದವಿಲ್ಲ. ಕತ್ತೆಯೂ ಇಲ್ಲ.
ಕೊಳಲು ಮಾತ್ರ, ಈಗಷ್ಟೇ ತೊಳೆದಿಟ್ಟ ಹಾಗೆ.

ಆದರೆ ಒಂದನ್ನು ಆಯಲು ಮರೆತಿದ್ದಾರೆ.
ಆ ರಾತ್ರಿ ಕೊಳಲಿನ ಹುಡುಗ
ಮುಂದಿನ ಸ್ವರ ತುಟಿಗೆ ತಂದವನು ತಡೆದುಕೊಂಡಿದ್ದ.
ಕತ್ತಲಿನತ್ತ ತಲೆಯೆತ್ತಿ ಕಾದಿದ್ದ,
ಇಕ್ಕಟ್ಟಿನ ಓಣಿಯಲ್ಲಿ ಎದುರಾದವರಿಗೆ
ಗೋಡೆಗೊತ್ತಿ ನಿಂತು ದಾರಿ ಬಿಡುವಂತೆ.
ಆ ಕಾದದ್ದು ಅಲ್ಲೇ ಇದೆ.
ಒಂದೂವರೆ ಸೆಕೆಂಡು.
ಓಣಿಯಲ್ಲಿ ಯಾರೂ ಬರುತ್ತಿಲ್ಲ, ಅವನು ಗೋಡೆಗೊತ್ತಿ ನಿಂತಿದ್ದಾನೆ.

‘ಇಲ್ಲಿ ಮರೆತುಬಿಟ್ಟ ಅನ್ಸುತ್ತೆ,’ ಅಂದ ದೆನಿಸ್.

ಇನ್ನೊಂದು ಸಲ ಹಾಕು, ಅಂದೆ.
ಕುರ್ಚಿ ಹತ್ತಿರಕ್ಕೆಳೆದೆ. ಡ್ರಮ್ಮು ಹತ್ತಿತು, ನಿಂತಿತು.
ಕೊಳಲೊಂದೇ ಉಳಿದಾಗ, ಸರಿಯಾಗಿ ಅದೇ ಜಾಗಕ್ಕೆ,
ಕೆಮ್ಮಿದೆ.
ಬರಿಸಿಕೊಳ್ಳಬೇಕಾಗಲಿಲ್ಲ.
ಮೂವತ್ತೊಂದು ವರ್ಷದ ಪುಡಿ ಎದೆಯಲ್ಲೇ ಇದೆ.
ಮೋಟು ಎರಡು.
ಉದ್ದದ್ದು ಈಗ ತುಂಬಾ ಉದ್ದ,
ಮುಗಿಯುವ ಮೊದಲೇ ಹುಡುಗ ಶುರು ಮಾಡಿಬಿಟ್ಟ.